ಓದಿದ ಮೇಲೆ ಉಜ್ಜು: ಒಂದು ಮೊರೊ ಕಲಿಸ್ ಅಲಗಿನ ದುರಸ್ತಿ

ಕೆಲಸಕ್ಕೆ ಬಂದದ್ದು ಒಂದು ಕಲಿಸ್, ಮೊರೊ ಜನರ ಕತ್ತಿ. ಜಾವಾದ ಕ್ರಿಸ್ ಕಠಾರಿಯ ದಾಯಾದಿ, ಆದರೆ ಅದಕ್ಕಿಂತ ಅಗಲ, ಭಾರ. ಜಾವಾದ್ದು ಇರಿಯುವುದಕ್ಕೆ ಮಾಡಿದ್ದು, ಇದು ಕಡಿಯುವುದಕ್ಕೂ ಆಗುತ್ತದೆ. ದಕ್ಷಿಣ ಫಿಲಿಪ್ಪೀನ್ಸಿನ ಮರನಾವೊ, ಮಗಿಂಡನಾವೊ, ತೌಸುಗ್, ಯಾಕನ್ ಜನರನ್ನೆಲ್ಲ ಒಟ್ಟು ಸೇರಿಸಿ 'ಮೊರೊ' ಎಂದು ಕರೆದವರು ಸ್ಪೇನಿನವರು. ತಮ್ಮ ನಾಡಿನಲ್ಲಿದ್ದ ಮೂರ್ ಮುಸ್ಲಿಮರ ಹೆಸರನ್ನೇ ಇಲ್ಲಿನವರಿಗೂ ಅಂಟಿಸಿದರು. 1899ರಿಂದ 1913ರವರೆಗಿನ ಅಮೆರಿಕದ ಸೇನಾ ಆಡಳಿತದಲ್ಲಿ ಇಂಥ ಅಲಗುಗಳು ಸಿಪಾಯಿಗಳ ಪೆಟ್ಟಿಗೆ ಸೇರಿ ಹೊರದೇಶಗಳಿಗೆ ಹೋದವು. ಈಗ ಹರಾಜುಗಳಲ್ಲಿ ಕಾಣಿಸುವ ಹಳೆಯ ಕಲಿಸ್‌ಗಳಲ್ಲಿ ಹಲವು ಆ ದಾರಿಯಲ್ಲೇ ಬಂದವು.

ಅಳತೆ: ಅಲಗು 51 ಸೆಂ.ಮೀ., ಹಿಡಿ ಸೇರಿ 64. ಒರೆ ಬಿಟ್ಟು ತೂಕ 690 ಗ್ರಾಂ. ಬುಡದ ಕಡೆ ಅಲೆಅಲೆ, ತುದಿಯ ಕಡೆ ನೇರ. ಬುಡಕ್ಕೆ ಅಡ್ಡಲಾಗಿ ಕೂರುವ ಅಗಲ ತುಂಡಿಗೆ ಗಂಗ್ಯಾ ಎನ್ನುತ್ತಾರೆ. ಇದರಲ್ಲಿ ಅದು ನಿಜವಾಗಿಯೂ ಬೇರೆ ತುಂಡು. ಇಪ್ಪತ್ತನೇ ಶತಮಾನ ಮುಂದುವರಿದಂತೆ ಬಂದ ಅಲಗುಗಳಲ್ಲಿ ಗಂಗ್ಯಾ ಅಲಗಿಗೇ ಸೇರಿದ ಒಂದೇ ಉಕ್ಕು, ಸಂದು ಇರಬೇಕಾದಲ್ಲಿ ಗೀರಿದ ಗೆರೆ ಮಾತ್ರ. ಸಂದು ನಿಜವೋ ಗೀರೋ ಎಂದು ತಿಳಿಯಲು ಒಂದು ತೊಟ್ಟು ತೆಳು ಎಣ್ಣೆ ಬಿಟ್ಟು ಕಾದರೆ ಸಾಕು. ನಿಜವಾದ ಸಂದು ಎಣ್ಣೆಯನ್ನು ಒಳಗೆಳೆದುಕೊಂಡು ಮರುದಿನ ಕಂದು ಬಣ್ಣದಲ್ಲಿ ಕಕ್ಕುತ್ತದೆ.

ಕಾಯಿಲೆಗಳು ನಾಲ್ಕು. ಬುಡದ ಕಡೆಯ ಮೂರನೇ ಒಂದು ಪಾಲಿನಲ್ಲಿ ಕೆಂಪು ತುಕ್ಕು, ಅದರಡಿ ಗೀರಿದ ಚೌಕವೊಂದರ ಮೂಲೆ ಕಾಣುತ್ತಿದೆ. ಹಿತ್ತಾಳೆ ತಂತಿ ಕೂರಿಸಿದ ಬಳ್ಳಿಯಲ್ಲಿ 12 ಮಿ.ಮೀ.ನಷ್ಟು ತೋಡಿನಿಂದ ಎದ್ದಿದೆ. ಗಂಗ್ಯಾವನ್ನು ಹಿಡಿಗೆ ಬಿಗಿಯುವ ಲೋಹದ ಪಟ್ಟಿ, ಅಂದರೆ ಅಸಂಗ್-ಅಸಂಗ್, ಬಾಗಿನಲ್ಲಿ ಸೀಳಿದೆ. ಹಿಡಿ ಸಡಿಲ.

ಇಂಥ ಅಲಗುಗಳನ್ನು ತುಕ್ಕು ಎಷ್ಟು ಕೆಡಿಸಿದೆಯೋ ಉಜ್ಜುಕಾಗದ ಅದಕ್ಕಿಂತ ಹೆಚ್ಚು ಕೆಡಿಸಿದೆ. ಹಾಗಾಗಿ ಈ ಕೆಲಸದ ಕ್ರಮ ಒಂದೇ: ಮೊದಲು ಅಲಗಿನ ಮೇಲೆ ಕಾಣುವಷ್ಟು ಗುರುತುಗಳನ್ನು (ತಾಯಿತದ ಅಂಕಿ, ಅಕ್ಷರ, ಬಳ್ಳಿ) ನಕಲಿಳಿಸಿ ಓದುವುದು, ಆಮೇಲೆ ತುಕ್ಕಿಗೆ ಕೈ ಹಾಕುವುದು. ಓದು ಮುಗಿಯದ ಜಾಗದಲ್ಲಿ ಲೋಹ ತೆಗೆಯುವಂತಿಲ್ಲ.

ಮುಟ್ಟುವ ಮೊದಲು

ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಬೆವರಿನ ಉಪ್ಪು ಉಕ್ಕಿಗೆ ಕೆಟ್ಟದ್ದು ಎನ್ನುವುದು ಒಂದು ಕಾರಣ. ಇನ್ನೊಂದು, ಜಾವಾದ ಕ್ರಿಸ್‌ಗಳಿಗೆ ಬಣ್ಣ ಎಬ್ಬಿಸಲು ಆರ್ಸೆನಿಕ್ ಅದಿರು ಮತ್ತು ನಿಂಬೆರಸ ಬಳಿಯುವ ವಾಡಿಕೆಯಿದೆ. ಮೊರೊ ಅಲಗಿಗೆ ಅದು ಸಾಮಾನ್ಯವಲ್ಲ, ಆದರೆ ಹಿಂದಿನ ಯಾವ ಒಡೆಯ ಏನು ಬಳಿದನೋ ಯಾರು ಕಂಡರು?

ಕೋಣೆ ಕತ್ತಲೆ ಮಾಡಿ, ಎಲ್‌ಇಡಿ ಟಾರ್ಚನ್ನು ಅಲಗಿನ ಮೇಲ್ಮೈಗೆ 10–15 ಡಿಗ್ರಿ ಓರೆಯಲ್ಲಿ ಹಿಡಿದು, ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೊ. ಒಂದೇ ದಿಕ್ಕಿನ ಬೆಳಕು ಸಾಲದು. ಬೆಳಕು ಬರುವ ದಿಕ್ಕಿಗೇ ಚಾಚಿದ ಗೀರು ನೆರಳು ಬೀಳಿಸುವುದಿಲ್ಲ, ಕಾಣುವುದೇ ಇಲ್ಲ. ಆಮೇಲೆ ಪಾರದರ್ಶಕ ಓಹೆಚ್‌ಪಿ ಹಾಳೆ ಹಾಸಿ 0.3 ಮಿ.ಮೀ. ಪೆನ್ನಿನಲ್ಲಿ ಪ್ರತಿ ಗುರುತನ್ನೂ ತಿದ್ದಿಕೊಳ್ಳಿ. ಗಂಗ್ಯಾದಿಂದ ತುದಿಯ ಕಡೆಗೆ 1, 2, 3 ಎಂದು ಸಂಖ್ಯೆ ಕೊಟ್ಟು, ತುದಿ ಯಾವ ಕಡೆ ಎಂದು ಬಾಣ ಹಾಕಿ, ಹಾಳೆಯ ಮೂಲೆಯಲ್ಲಿ 'ಮುಂಬದಿ' ಎಂದು ಬರೆಯಿರಿ. ಈ ಕೊನೆಯ ಮಾತು ಸಣ್ಣದಾಗಿ ಕಂಡರೂ ಕೆಲಸ ಕೆಡುವುದು ಅಲ್ಲೇ. ಅರಬ್ಬಿ ಲಿಪಿಯ ಅಂಕಿಗಳಲ್ಲಿ 2ನ್ನು ಹಿಂಬದಿಯಿಂದ ನೋಡಿದರೆ 6ರಂತೆ ಕಾಣುತ್ತದೆ. ಪಾರದರ್ಶಕ ಹಾಳೆ ಮಗುಚಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಓದು ಮಾತ್ರ ಉಲ್ಟಾ.

ತೆಳು ಕಾಗದ ಹಾಸಿ 2ಬಿ ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವುದೂ ಒಳ್ಳೆಯದೇ, ಆದರೆ ಎದ್ದ ತಂತಿಯ ಹತ್ತಿರ ಬೇಡ. ಕಾಗದ ಸಿಕ್ಕಿಕೊಂಡರೆ ತಂತಿ ಅದರ ಜೊತೆಗೇ ಬರುತ್ತದೆ.

ಗುರುತು ಯಾವ ಜಾತಿಯದು

10 ಪಟ್ಟು ಲೂಪಿನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ನೋಡಿ ಇದನ್ನು ತೀರ್ಮಾನಿಸದೆ ಮುಂದೆ ಹೋಗಬೇಡಿ. ಮುಂದಿನ ಎಲ್ಲ ಕೆಲಸ ಇದರ ಮೇಲೆ ನಿಂತಿದೆ.

ತೋಡು ಕೆತ್ತಿ ಅದರೊಳಗೆ ತಂತಿ ಬಡಿದು ಕೂರಿಸಿದ್ದರೆ ಅಂಚು ಚೂಪಾಗಿರುತ್ತದೆ, ತಂತಿ ಕಳಚಿದ ಜಾಗದಲ್ಲಿ ಕಾಲುವೆ ಕಾಣುತ್ತದೆ. ಬೀದರಿನ ಬಿದರಿ ಕೆಲಸದಲ್ಲಿ ತಾರ್‌ಕಶಿ ಎನ್ನುವುದು ಇದನ್ನೇ. ಅಲ್ಲಿ ಮೈ ಸತುವಿನದು, ಉಳಿಗೆ ಬೆಣ್ಣೆ. ಇಲ್ಲಿ ಉಕ್ಕು. ಎರಡನೆಯದು ಕೋಫ್ತ್‌ಗರಿ: ಉಕ್ಕಿನ ಮೇಲೆ ಒತ್ತೊತ್ತಾಗಿ ಅಡ್ಡಡ್ಡ ಗೀರಿ, ಚಿನ್ನ ಬೆಳ್ಳಿಯ ತೆಳು ತಂತಿ ಅಥವಾ ತಗಡನ್ನು ಅದರ ಮೇಲೆ ಒತ್ತಿ ಹಿಡಿಸುವುದು. ಭಾರತ ಮತ್ತು ಪರ್ಷಿಯಾದ ಆಯುಧಗಳಲ್ಲಿ ಹೇರಳ. ಚಿನ್ನ ಸವೆದಲ್ಲಿ ಆ ಜಾಳಿಗೆಯಂಥ ಗೀರು ಕಾಣಿಸಿದರೆ ಕೋಫ್ತ್‌ಗರಿ ಎಂದು ತಿಳಿದು, ಉಜ್ಜುವ ಪದಾರ್ಥವನ್ನು ಮೇಜಿನಿಂದಲೇ ಎತ್ತಿಡಿ. ಮೂರನೆಯದು ಆಮ್ಲದಿಂದ ತಿನ್ನಿಸಿದ ಬರಹ. ಸುಡಾನಿನ ಮಹದಿ ಕಾಲದ, ಅಂದರೆ 1881–1898ರ ಹಲವು ಕಸ್ಕಾರಾ ಕತ್ತಿಗಳ ಮೈ ತುಂಬ ಇಂಥ ಬರಹವಿರುತ್ತದೆ. ಅದರ ಆಳ ಎಷ್ಟು ಕಡಿಮೆಯೆಂದರೆ ಉತ್ಸಾಹದಿಂದ ಒಮ್ಮೆ ಪಾಲಿಶ್ ಮಾಡಿದರೆ ಬರಹ ಹೋಗಿ ಬರೀ ಹೊಳಪು ಉಳಿಯುತ್ತದೆ. ನಾಲ್ಕನೆಯದು ಬರೀ ಉಳಿಯಿಂದ ಗೀರಿದ್ದು, ಏನನ್ನೂ ತುಂಬದ್ದು.

ಈ ಕಲಿಸ್‌ನಲ್ಲಿ ಬಳ್ಳಿ ಮೊದಲ ಜಾತಿ, ಚೌಕ ನಾಲ್ಕನೆಯದು.

ತುಕ್ಕು ತೆಗೆದದ್ದು

ಕೆಂಪು ತುಕ್ಕು ಬೆಳೆಯುತ್ತಿರುವ ತುಕ್ಕು. ಕಪ್ಪಗೆ ಗಟ್ಟಿಯಾಗಿ ಅಂಟಿಕೊಂಡಿರುವುದು ಒಂದು ಮಟ್ಟಕ್ಕೆ ನಿಂತದ್ದು, ಅದನ್ನು ಉಳಿಸಿಕೊಳ್ಳಬೇಕು. ಹೊಲಿಗೆ ಯಂತ್ರದ ಎಣ್ಣೆ 3 ಪಾಲು, ಸೀಮೆಎಣ್ಣೆ 1 ಪಾಲು ಬೆರೆಸಿ, ಹತ್ತಿ ಬಟ್ಟೆ ನೆನೆಸಿ, ಅಲಗಿನ ಬುಡಕ್ಕೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ 72 ಗಂಟೆ ಬಿಟ್ಟದ್ದಾಯಿತು. 24 ಗಂಟೆಗೆ ಬಿಚ್ಚಿದರೆ ಮೇಲಿನ ಪುಡಿ ಮಾತ್ರ ಬರುತ್ತದೆ.

ಬಳ್ಳಿ ಇಲ್ಲದ ಜಾಗದಲ್ಲಿ ಅತಿ ನವಿರಾದ 0000 ಉಕ್ಕಿನ ಉಣ್ಣೆ ಮತ್ತು ಎಣ್ಣೆ, ಅಲಗಿನ ಉದ್ದಕ್ಕೆ ಮಾತ್ರ. ಹಿತ್ತಾಳೆಯ ಉಣ್ಣೆ ಬೇಡ. ಉಕ್ಕಿನ ಮೇಲೆ ಹಳದಿ ಗೆರೆ ಬಿಡುತ್ತದೆ, ಆಮೇಲೆ ಯಾವುದು ಹಳೆಯ ಹಿತ್ತಾಳೆ ಯಾವುದು ಉಜ್ಜಿದ ಕಲೆ ಎಂದು ಹೇಳಲಾಗುವುದಿಲ್ಲ. ಬಳ್ಳಿಯ ಸುತ್ತ ಉಣ್ಣೆಯೂ ಬೇಡ, ಕಾಗದವೂ ಬೇಡ. ಉಕ್ಕಿಗಿಂತ ಹಿತ್ತಾಳೆ ಮೆದು, ಬೆಳ್ಳಿ ಇನ್ನೂ ಮೆದು. ಎರಡನ್ನೂ ಒಟ್ಟಿಗೆ ಉಜ್ಜಿದರೆ ಮೆದು ಲೋಹ ಮೊದಲು ತಗ್ಗುತ್ತದೆ, ತಂತಿ ತೋಡಿನೊಳಗೆ ಬೋಗುಣಿಯಂತೆ ಕುಳಿಬೀಳುತ್ತದೆ. ಅಲ್ಲಿ ದನದ ಕೊಂಬಿನ ತುಂಡನ್ನು ಉಳಿಯಂತೆ ಚೂಪು ಮಾಡಿ ಕೆರೆದದ್ದು. ಕೊಂಬು ತುಕ್ಕನ್ನು ಎಬ್ಬಿಸುತ್ತದೆ, ಉಕ್ಕನ್ನು ಗೀರುವುದಿಲ್ಲ. ಚೌಕದ ಗೀರುಗಳೊಳಗೆ ಹೊಲಿಗೆ ಸೂಜಿಯನ್ನು ಮರದ ಹಿಡಿಗೆ ಸಿಕ್ಕಿಸಿ, ಲೂಪಿನಡಿ, ಗಂಟೆಗೆ ಎರಡು ಚದರ ಸೆಂಟಿಮೀಟರಿನ ವೇಗದಲ್ಲಿ. ಸೂಜಿಯನ್ನು ಗೀರಿನ ಗೋಡೆಗೆ ಒತ್ತದೆ, ತಳದಲ್ಲಿ ಎಬ್ಬಿಸುತ್ತ ಹೋಗಬೇಕು. ಗೋಡೆ ಗೀರಿದರೆ ಹೊಸ ಉಕ್ಕು ಬೆಳ್ಳಗೆ ಮಿನುಗಿ ಮೂಲದ ಗೆರೆಯಂತೆಯೇ ಕಾಣುತ್ತದೆ, ಇಲ್ಲದ ಅಂಕಿಯೊಂದು ಹುಟ್ಟುತ್ತದೆ.

ಇಲ್ಲಿ ಸುಲಭವೆಂದು ಜನ ಮಾಡುವ ಮೂರು ಕೆಲಸಗಳು ಏಕೆ ಕೆಡುತ್ತವೆ ಎಂದು ಹೇಳಬೇಕು. ವಿನೆಗರಿನಲ್ಲಿ ಅದ್ದುವುದು: ಹಿತ್ತಾಳೆ ಮತ್ತು ಕಬ್ಬಿಣ ಒಂದೇ ಹುಳಿಯಲ್ಲಿ ತಾಗಿಕೊಂಡಿದ್ದರೆ ಬ್ಯಾಟರಿಯಂತಾಗಿ ಕಬ್ಬಿಣ ಕರಗುತ್ತದೆ, ಅದೂ ತಂತಿಯ ಅಂಚಿನಲ್ಲೇ ಹೆಚ್ಚು. ಗೋಡೆ ಕರಗಿದ ಮೇಲೆ ತಂತಿಯನ್ನು ಹಿಡಿಯುವುದು ಏನು? ಸಾಲದ್ದಕ್ಕೆ ಹಿತ್ತಾಳೆಯ ಮೇಲಿನ ಕಿಲುಬು ಕರಗಿ ಅದರ ತಾಮ್ರ ಉಕ್ಕಿನ ಮೇಲೆ ಗುಲಾಬಿ ಪೊರೆಯಾಗಿ ಕೂರುತ್ತದೆ. ಎರಡನೆಯದು ಫೆರಿಕ್ ಕ್ಲೋರೈಡ್ ಬಳಿದು ಮಡಚಿ ಬಡಿದ ಉಕ್ಕಿನ ವಿನ್ಯಾಸ ಎಬ್ಬಿಸುವುದು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸರ್ಕ್ಯೂಟ್ ಹಲಗೆಯ ತಾಮ್ರ ತಿನ್ನಿಸಲು ಮಾರುವ ದ್ರಾವಣ ಅದೇ. ಹಿತ್ತಾಳೆಯನ್ನು ಬಿಟ್ಟೀತೇ? ಮೂರನೆಯದು ವಿದ್ಯುತ್ ಹರಿಸಿ ತುಕ್ಕು ಬಿಡಿಸುವುದು. ನೇಗಿಲ ಕುಳಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಲ್ಲಿ ತಂತಿಯ ಅಡಿಯ ತುಕ್ಕು ಕರಗಿದ ಕೂಡಲೆ ತಂತಿ ತೊಟ್ಟಿಯ ತಳದಲ್ಲಿರುತ್ತದೆ.

ಚೌಕ ಓದಿದ್ದು

ಒಂಬತ್ತು ಗಂಟೆಯ ಸೂಜಿ ಕೆಲಸದ ಮೇಲೆ 4 ಸಾಲು 4 ಕಂಬಗಳ ಮನೆ ಪೂರ್ತಿ ಕಂಡಿತು. ಹದಿನಾರು ಮನೆಗಳಲ್ಲಿ ಹನ್ನೊಂದು ಸ್ಪಷ್ಟ, ಐದು ಇಲ್ಲ ಅಥವಾ ಅನುಮಾನ.

ಮೊದಲ ಸಾಲು: 16, ಗುಳಿ, 22, 9.
ಎರಡನೆಯದು: 21, 1 (ಅಥವಾ ಇನ್ನೇನೋ), 15, 20.
ಮೂರನೆಯದು: 11, ಗುಳಿ, 17 ಅಥವಾ 18, 14.
ನಾಲ್ಕನೆಯದು: 18, ಗುಳಿ, 12, 23.

ಇದು ಮಾಯಾಚೌಕ. ನಮ್ಮಲ್ಲಿ ತಾಮ್ರದ ತಗಡಿನ ಮೇಲೆ ಬರೆಯುವ ಅಂಕಿ ಯಂತ್ರದ ಜಾತಿಯದೇ. ಅಡ್ಡ, ಉದ್ದ ಹೇಗೆ ಕೂಡಿದರೂ ಮೊತ್ತ ಒಂದೇ ಬರಬೇಕು. ಆದ್ದರಿಂದ ಅಳಿದ ಅಂಕಿಯನ್ನು ಊಹಿಸುವುದು ಬೇಕಿಲ್ಲ, ಲೆಕ್ಕ ಹಾಕಿದರೆ ಆಯಿತು. ಮೊದಲ ಕಂಬ ಪೂರ್ತಿ ಇದೆ: 16, 21, 11, 18 ಕೂಡಿದರೆ 66. ಕೊನೆಯ ಕಂಬವೂ ಇದೆ: 9, 20, 14, 23, ಮತ್ತೆ 66. ಎರಡು ಕಡೆ ಹೊಂದಿದರೆ ಮೊತ್ತ ಖಚಿತ. ಮೊದಲ ಸಾಲಿನ ಗುಳಿಯಲ್ಲಿದ್ದದ್ದು 19. ನಾಲ್ಕನೆಯದರಲ್ಲಿ 13. ಎರಡನೇ ಸಾಲಿನಲ್ಲಿ 1 ಎಂದು ಕಂಡದ್ದು 10: ಅರಬ್ಬಿ ಬರಹದಲ್ಲಿ ಸೊನ್ನೆ ಒಂದು ಚುಕ್ಕೆ, ಆ ಚುಕ್ಕೆಯನ್ನು ತುಕ್ಕಿನ ಗುಳಿ ನುಂಗಿದೆ. ಮೂರನೇ ಕಂಬದಲ್ಲಿ 22, 15, 12 ಸೇರಿ 49, ಹಾಗಾಗಿ ಅನುಮಾನದ ಮನೆ 17, 18 ಅಲ್ಲ. ಉಳಿದದ್ದು 24.

9ರಿಂದ 24ರವರೆಗೆ ಒಂದೂ ಬಿಡದೆ ಹದಿನಾರು ಅಂಕಿ ಬಂದವು. ಮೊತ್ತ 66. ಅಬ್ಜದ್ ಲೆಕ್ಕದಲ್ಲಿ ಪ್ರತಿ ಅರಬ್ಬಿ ಅಕ್ಷರಕ್ಕೂ ಒಂದು ಬೆಲೆ: ಅಲಿಫ್ 1, ಲಾಮ್ 30, ಇನ್ನೊಂದು ಲಾಮ್ 30, ಹೇ 5. 'ಅಲ್ಲಾಹ್' ಎಂಬ ಹೆಸರಿನ ಮೊತ್ತ 66. ಚೌಕ ಆ ಹೆಸರಿನದು.

ಇಂಥ ಚೌಕ ಮುಂದೆ ಸಿಕ್ಕಾಗ ಉಪಯೋಗಕ್ಕೆ ಬರುವ ಸೂತ್ರ: ಮೊತ್ತದಿಂದ 30 ಕಳೆದು 4ರಿಂದ ಭಾಗಿಸಿದರೆ ಅತಿ ಚಿಕ್ಕ ಅಂಕಿ ಸಿಗುತ್ತದೆ. 66ಕ್ಕೆ 9. ಬಿಸ್ಮಿಲ್ಲಾಹ್ ವಾಕ್ಯದ 786ಕ್ಕೆ 189, ಅಲ್ಲಿಂದ 204ರವರೆಗೆ. ಅಲಿಯ ಹೆಸರಿನ 110ಕ್ಕೆ 20ರಿಂದ 35. ಮುಹಮ್ಮದ್ ಎಂಬ ಹೆಸರಿನ ಮೊತ್ತ 92 ಸರಿಯಾಗಿ ಭಾಗವಾಗುವುದಿಲ್ಲ, 2 ಉಳಿಯುತ್ತದೆ. ಆಗ 15ರಿಂದ ಶುರುಮಾಡಿ ಒಂಬತ್ತನೇ ಅಂಕಿಯಲ್ಲಿ ಒಂದು ಹಾರುತ್ತಾರೆ: 15ರಿಂದ 22, ಮುಂದೆ 24ರಿಂದ 31. ನಡುವೆ 23 ಇಲ್ಲವೆಂದು ಕಮ್ಮಾರನನ್ನು ಬೈಯಬೇಡಿ. ಕ್ರಮವೇ ಹಾಗೆ.

ಅಂಕಿ ಓದುವಾಗ ಕನ್ನಡದವರಿಗೆ ಆಗುವ ಒಂದು ಎಡವಟ್ಟಿದೆ. ಅರಬ್ಬಿಯ 5 ಒಂದು ಸಣ್ಣ ವೃತ್ತ, ಥೇಟ್ ನಮ್ಮ ಸೊನ್ನೆ. ಅವರ ಸೊನ್ನೆ ಬರೀ ಚುಕ್ಕೆ. 15ನ್ನು 10 ಎಂದು ಓದಿ ಲೆಕ್ಕ ಹೊಂದದೆ ತಲೆ ಕೆರೆದುಕೊಳ್ಳುವುದು ಹೀಗೆ. ಇನ್ನೊಂದು, 7 ಇಂಗ್ಲಿಷಿನ ವಿ ಅಕ್ಷರದಂತೆ, 8 ಅದನ್ನೇ ಬೋರಲು ಹಾಕಿದಂತೆ, ಮನೆಯ ಮಾಡಿನ ಹಾಗೆ. ಅಲಗನ್ನು ತಲೆಕೆಳಗೆ ಹಿಡಿದರೆ 7 ಮತ್ತು 8 ಅದಲುಬದಲು, 18 ಹೋಗಿ 71 ಆಗುತ್ತದೆ. 20ರ ಆಸುಪಾಸಿನ ಅಂಕಿಗಳ ನಡುವೆ ದಿಢೀರನೆ 71 ಬಂದರೆ ಕತ್ತಿ ತಿರುಗಿಸಿ ಹಿಡಿಯಿರಿ.

ಒಂದು ಸಾಲು ಮಾತ್ರ ಒಂದೆರಡು ಸಂಖ್ಯೆ ಹೆಚ್ಚುಕಡಿಮೆ ಬಂದರೆ ಅದು ನಕಲು ಮಾಡಿದವನ ತಪ್ಪಿರಬಹುದು. ತಾಯಿತದ ಬರಹವನ್ನು ಬರೆದುಕೊಟ್ಟವನು ಒಬ್ಬ, ಉಕ್ಕಿಗೆ ಇಳಿಸಿದವನು ಇನ್ನೊಬ್ಬ ಆಗಿದ್ದಿರಬಹುದು. ಎರಡನೆಯವನಿಗೆ ಅಕ್ಷರ ಬರದಿದ್ದರೆ ಅಕ್ಷರದಂತೆ ಕಂಡರೂ ಯಾವ ಪದವೂ ಆಗದ ಗೀರುಗಳು ಹುಟ್ಟುತ್ತವೆ. ಅದನ್ನು ಇದ್ದಂತೆಯೇ ದಾಖಲಿಸಬೇಕು. ಸರಿಪಡಿಸುವುದು ನಮ್ಮ ಕೆಲಸವಲ್ಲ.

ಚೌಕದ ಪಕ್ಕದಲ್ಲಿದ್ದವು, ಇಲ್ಲದವು

ಚೌಕದ ಮೇಲೆ ಅಡ್ಡಲಾಗಿ ನಾಲ್ಕು ಅಂಕಿ: 2, 4, 6, 8. ಇದೇ ಬುದೂಹ್ ಎಂಬ ತಾಯಿತದ ಪದ. ಬೇ 2, ದಾಲ್ 4, ವಾವ್ 6, ಹಾ 8. ಈ ನಾಲ್ಕು ಬಂದದ್ದು ಮೂರು ಮನೆಯ ಹದಿನೈದರ ಚೌಕದ ಮೂಲೆಗಳಿಂದ: 4 9 2, ಕೆಳಗೆ 3 5 7, ಅದರ ಕೆಳಗೆ 8 1 6. ಮೂಲೆಗಳನ್ನು ಹೆಕ್ಕಿ ಜೋಡಿಸಿದರೆ ಬುದೂಹ್. ನವಗ್ರಹ ಯಂತ್ರಗಳಲ್ಲಿ ಸೂರ್ಯನದು 6 1 8, 7 5 3, 2 9 4. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಒಂದನ್ನು ತಲೆಕೆಳಗಾಗಿ ತಿರುಗಿಸಿದರೆ ಇನ್ನೊಂದು. ಪರ್ಷಿಯಾದ ಶಮ್‌ಶೀರ್ ಅಲಗುಗಳಲ್ಲಿ ಬುದೂಹ್ ಪುಟ್ಟ ಚೌಕದ ನಾಲ್ಕು ಮೂಲೆಯ ನಾಲ್ಕು ಅಕ್ಷರವಾಗಿ ಬರುತ್ತದೆ. ಕಾಗದ ಕ್ಷೇಮವಾಗಿ ತಲುಪಲಿ ಎಂದು ಪತ್ರದ ಹೊರಗೂ ಇದನ್ನು ಬರೆಯುವ ರೂಢಿಯಿತ್ತು.

ಆದರೆ ಒಂಟಿ 'ಹಾ' ಕಂಡ ಕೂಡಲೆ ಬುದೂಹ್ ಎನ್ನಬೇಡಿ. ಮೈಸೂರಿನ ನಾಣ್ಯಗಳ ಮೇಲೆ ಅದೇ ಅಕ್ಷರವಿದೆ, ಅಲ್ಲಿ ಅದು ಹೈದರನ ಹೆಸರಿನ ಮೊದಲಕ್ಷರ. ಟಿಪ್ಪುವಿನ ಆಯುಧಗಳ ಮೇಲೆ ಹುಲಿಯ ಮುಖದ ಆಕಾರದಲ್ಲಿ ಹೆಣೆದ 'ಅಸದುಲ್ಲಾಹಿಲ್ ಗಾಲಿಬ್', ಅಂದರೆ ಗೆಲ್ಲುವ ದೇವಸಿಂಹ, ಮೊದಲ ನೋಟಕ್ಕೆ ಬರಹವೆಂದೇ ಗೊತ್ತಾಗುವುದಿಲ್ಲ. ಪಾಲಿಶ್ ಮಾಡುವವರು ಅದನ್ನು ಅಲಂಕಾರವೆಂದುಕೊಂಡು ತೀಡಿಬಿಡುವ ಅಪಾಯ ಹೆಚ್ಚು. ಇನ್ನು ಅಂಕಿ ಓದುವ ದಿಕ್ಕು: ಅರಬ್ಬಿ ಬರಹ ಬಲದಿಂದ ಎಡಕ್ಕೆ ಹೋದರೂ ಸಂಖ್ಯೆಗಳು ನಮ್ಮಂತೆ ಎಡದಿಂದಲೇ. ಟಿಪ್ಪು 1787ರ ಸುಮಾರಿಗೆ ತಂದ ಮೌಲೂದಿ ಶಕೆಯ ವರ್ಷಗಳು ಮಾತ್ರ ಬಲದಿಂದ ಎಡಕ್ಕೆ. ಶ್ರೀರಂಗಪಟ್ಟಣದ ವಸ್ತುಗಳನ್ನು ಓದುವವರು ಇದನ್ನು ಮರೆತರೆ ವರ್ಷ ಎಲ್ಲಿಂದೆಲ್ಲಿಗೋ ಹಾರುತ್ತದೆ.

ಕೆಲವು ಇಸ್ಲಾಮೀ ಆಯುಧಗಳಲ್ಲಿ ಕಾಣುವ, ಈ ಅಲಗಿನಲ್ಲಿ ಹುಡುಕಿದರೂ ಸಿಗದ ಇನ್ನೊಂದು ಗುಂಪು ಸುಲೈಮಾನನ ಏಳು ಮುದ್ರೆ: ಐದು ಅಥವಾ ಆರು ಮೂಲೆಯ ನಕ್ಷತ್ರ, ಮೇಲೆ ಗೆರೆ ಎಳೆದ ಮೂರು ನೇರ ಕಡ್ಡಿ, ಮೀಮ್ ಅಕ್ಷರ, ಏಣಿ, ನಾಲ್ಕು ಕಡ್ಡಿ, ಹೇ ಅಕ್ಷರ, ಬಾಲ ಸುತ್ತಿದ ವಾವ್. ವಾರದ ಏಳು ದಿನಕ್ಕೂ ಏಳು ಗ್ರಹಕ್ಕೂ ಇವನ್ನು ಹೊಂದಿಸುತ್ತಾರೆ. ತುಕ್ಕಿನಡಿ ಏಣಿ ಮಾತ್ರ ಉಳಿದಿದ್ದರೆ ಅದು ಗೀರು ತಪ್ಪಿದ ಚೌಕದಂತೆ ಕಾಣುತ್ತದೆ. ಅದರ ಒಂದು ಪಕ್ಕ ಮೀಮ್, ಇನ್ನೊಂದು ಪಕ್ಕ ನಾಲ್ಕು ಕಡ್ಡಿಯ ಗುರುತು ಇದೆಯೇ ಎಂದು ಹುಡುಕಬೇಕು. ಒಟ್ಟೊಮಾನ್ ತುರ್ಕರ ಯತಗಾನ್ ಕತ್ತಿಗಳಲ್ಲಿ, ಇಸ್ಲಾಮೀ ಕತೆಯಲ್ಲಿ ಗುಹೆಯೊಳಗೆ ಮಲಗಿದ ಏಳು ಜನರ ಹೆಸರೂ ಅವರ ನಾಯಿ ಕಿತ್ಮೀರನ ಹೆಸರೂ ಬರುತ್ತದೆ. ಕುರಾನಿನ 61ನೇ ಅಧ್ಯಾಯದ 13ನೇ ವಾಕ್ಯದ ತುಣುಕು, 'ನಸ್ರುಮ್ ಮಿನಲ್ಲಾಹಿ ವ ಫತ್‌ಹುನ್ ಕರೀಬ್' (ಅಲ್ಲಾಹನ ನೆರವು, ಹತ್ತಿರದ ಗೆಲುವು), ಟರ್ಕಿಯಿಂದ ಭಾರತದವರೆಗೆ ಕತ್ತಿ, ಗುರಾಣಿ, ಬಾವುಟ ಎಲ್ಲದರ ಮೇಲೂ ಇದೆ. ಕೆಲವೇ ಅಕ್ಷರ ಉಳಿದಿದ್ದರೂ ಮೊದಲು ಇದಕ್ಕೆ ಹೊಂದಿಸಿ ನೋಡುವುದು ಲಾಭದ ಕೆಲಸ.

ಹಿಂಬದಿಯಲ್ಲಿ ಇರುವುದು ಬಳ್ಳಿ. ತೌಸುಗರು ಉಕ್ಕಿಲ್ ಎನ್ನುತ್ತಾರೆ, ಮರನಾವೊಗಳು ಓಕಿರ್. ಅದರ ಒಂದು ಕುಡಿ ಬಾಯಿ ತೆರೆದ ಹಾವಿನ ತಲೆಯಾಗಿ ಮುಗಿಯುತ್ತದೆ. ಅವರೂ ಅದನ್ನು ನಾಗ ಎಂದೇ ಕರೆಯುತ್ತಾರೆ, ಪದ ಸಂಸ್ಕೃತದ್ದೇ. ಇಸ್ಲಾಂ ಬರುವುದಕ್ಕೂ ಹಿಂದಿನ ಕಾವಲುಗಾರ ಒಂದು ಬದಿ, ಅಲ್ಲಾಹನ ಹೆಸರಿನ ಚೌಕ ಇನ್ನೊಂದು ಬದಿ, ನಡುವೆ ಬೆರಳಿನ ಅರ್ಧ ದಪ್ಪದ ಉಕ್ಕು. ಬಳ್ಳಿಯ ನಡುನಡುವೆ ಒಂದರ ಮೇಲೊಂದು ಹಾಯ್ದ ಎರಡು ಗೆರೆಗಳ ಗುರುತು ನಾಲ್ಕು ಸಲ ಬಂದಿದೆ. ಇಸ್ಲಾಮಿನ ನಂಬಿಕೆಯ ವಾಕ್ಯವಾದ ಕಲಿಮಾದ ಮೊದಲ ಪದ 'ಲಾ' ಬರೆಯುವ ಲಾಮ್-ಅಲಿಫ್ ಕೂಡ ಕತ್ತರಿಯಂತೆ ಹೀಗೆಯೇ ಹಾಯುತ್ತದೆ. ಲಾಮ್-ಅಲಿಫ್‌ಗೆ ಬುಡದಲ್ಲಿ ಮುಚ್ಚಿದ ಕುಣಿಕೆ ಇರಬೇಕು. ಲೂಪಿನಲ್ಲಿ ಕುಣಿಕೆ ಕಾಣಲಿಲ್ಲ. ದಾಖಲೆಯಲ್ಲಿ 'ಹಾಯ್ದ ಗೆರೆ, 4' ಎಂದಷ್ಟೇ ಬರೆದದ್ದು. ಕೆಲವು ಕಂಪಿಲನ್ ಕತ್ತಿಗಳಲ್ಲಿ ಹಿತ್ತಾಳೆ ತುಂಬಿದ ದುಂಡು ತೂತುಗಳಿರುತ್ತವಲ್ಲ, ಅವಕ್ಕೂ ಇದೇ ಮಾತು: ಎಣಿಸಿ, ಅಳೆಯಿರಿ, ಅರ್ಥ ಅಂಟಿಸಬೇಡಿ.

ಕೈ ಪಳಗಿಸುವ ತಟ್ಟೆ

ಎದ್ದ ತಂತಿಗೆ ಕೈಹಾಕುವ ಮೊದಲು ಮೆದು ಉಕ್ಕಿನ ತುಂಡಿನ ಮೇಲೆ ಅದೇ ಕೆಲಸ ಮಾಡಿ ನೋಡಬೇಕು. 50×50 ಮಿ.ಮೀ., 3 ಮಿ.ಮೀ. ದಪ್ಪದ ತಟ್ಟೆ. ತೋಡು 0.7 ಅಗಲ, 0.5 ಆಳ. ಚಪ್ಪಟೆ ಮೊನೆಯ ಸಣ್ಣ ಉಳಿಯನ್ನು ಓರೆ ಹಿಡಿದು ಎರಡೂ ಗೋಡೆಯ ಬುಡ ಒಳಗೆ ಕೊರೆಯಬೇಕು, ಬಾಯಿಗಿಂತ ತಳ ಅಗಲವಾಗುವಂತೆ. ತಂತಿ 0.8 ಮಿ.ಮೀ. ದುಂಡು ಹಿತ್ತಾಳೆ. ತಂತಿಯ ಅಡ್ಡಕೊಯ್ತ 0.5 ಚದರ ಮಿ.ಮೀ., ತೋಡಿನದು 0.35. ಗೋಡೆ ಕೊರೆದ ಮೇಲೆ ತೋಡು ಇನ್ನಷ್ಟು ಅಗಲವಾದರೂ ತಂತಿಯೇ ಹೆಚ್ಚಿರುತ್ತದೆ. ಆ ಹೆಚ್ಚಿನದೇ ಬಡಿದಾಗ ಬದಿಗೆ ಹರಿದು ಗೋಡೆಯ ಕೆಳಗೆ ಸೇರುವುದು. 0.6ರ ತಂತಿ ಹಾಕಿದರೆ ಸುಲಭವಾಗಿ ಕೂರುತ್ತದೆ, ಉಗುರಿನಿಂದ ಎಬ್ಬಿಸಿದರೆ ಅಷ್ಟೇ ಸುಲಭವಾಗಿ ಬರುತ್ತದೆ.

ತಂತಿಯನ್ನು ಮೊದಲು ಕಾಯಿಸಿ ಮೆದು ಮಾಡಬೇಕು. ಬಿಡಿ ತಂತಿಗೆ ಬೆಂಕಿ ತೋರಿಸಿದರೆ ಕ್ಷಣದಲ್ಲಿ ಕರಗುತ್ತದೆ. ಒತ್ತಾಗಿ ಸುರುಳಿ ಸುತ್ತಿ, ಕಬ್ಬಿಣದ ತಂತಿಯಿಂದ ಕಟ್ಟಿ, ಅರೆಗತ್ತಲೆಯಲ್ಲಿ ಮಂಕು ಕೆಂಪು ಕಾಣುವಷ್ಟು ಮಾತ್ರ ಕಾಯಿಸಿ. ಇನ್ನೂ ಹೆಚ್ಚಿದರೆ ಸತು ಬಿಳಿ ಹೊಗೆಯಾಗಿ ಹೋಗುತ್ತದೆ. ಆ ಹೊಗೆ ಕುಡಿಯುವಂಥದ್ದಲ್ಲ. 100 ಗ್ರಾಂ ಸುತ್ತಿಗೆ, ನುಣ್ಣಗೆ ತೀಡಿದ ಮೊಂಡು ಪಂಚು, ಒಂದು ತುದಿಯಿಂದ ಇನ್ನೊಂದಕ್ಕೆ ಸಾಗುವುದು. ನಡುವಿನಿಂದ ಶುರುಮಾಡಿದರೆ ತಂತಿ ಉದ್ದವಾಗಿ ಕೊನೆಯಲ್ಲಿ ಗೂನು ಬೀಳುತ್ತದೆ. ಮೇಲೆ ಉಳಿದದ್ದನ್ನು ಅರದಿಂದ ಸಮ ಮಾಡಿ, ಮರದ ತುಂಡಿಗೆ ಸುತ್ತಿದ 400, ಆಮೇಲೆ 800 ನಂಬರಿನ ಉಜ್ಜುಕಾಗದ. ಬೆರಳಿನಿಂದ ಒತ್ತಿ ಉಜ್ಜಿದರೆ ಮೇಲೆ ಹೇಳಿದ ಬೋಗುಣಿ ಇಲ್ಲೂ ಬೀಳುತ್ತದೆ.

ತಟ್ಟೆ ಮುಗಿದ ಮೇಲೆ ಅರ್ಧವನ್ನು ವಿನೆಗರಿನಲ್ಲಿ 30 ನಿಮಿಷ ಇಟ್ಟು ಲೂಪಿನಲ್ಲಿ ನೋಡಿ. ತಂತಿಯ ಅಂಚನ್ನು ಹಿಂಬಾಲಿಸುವ ಕಪ್ಪು ಕೂದಲೆಳೆ ಕಂಡವರು ಹಳೆಯ ಅಲಗನ್ನು ಮತ್ತೆಂದೂ ಹುಳಿಗೆ ಅದ್ದುವುದಿಲ್ಲ.

ಎದ್ದ 12 ಮಿ.ಮೀ.

ಇಷ್ಟೆಲ್ಲ ಕಲಿತು ಕಲಿಸ್‌ನ ತಂತಿಯನ್ನು ಬಡಿಯಲಿಲ್ಲ. ಹಳೆಯ ಹಿತ್ತಾಳೆ ಬಡಿತ ತಿಂದು ಗಡುಸಾಗಿರುತ್ತದೆ, ಇನ್ನೊಂದು ಪೆಟ್ಟಿಗೆ ಸೀಳುತ್ತದೆ. ಅಲಗಿನ ಮೇಲೆ ಕಾಯಿಸಿ ಮೆದು ಮಾಡುವಂತಿಲ್ಲ, ಉಕ್ಕಿನ ಹದ ಹೋಗುತ್ತದೆ. ತಂತಿ ಎದ್ದದ್ದು ಅಡಿಯಲ್ಲಿ ಬೆಳೆದ ತುಕ್ಕಿನಿಂದ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಹೆಚ್ಚು ಬೇಕು, ತಂತಿಯನ್ನು ಮೇಲಕ್ಕೆ ನೂಕುತ್ತದೆ. ಸೂಜಿಯಿಂದ ಆ ತುಕ್ಕನ್ನು ಖಾಲಿ ಮಾಡಿ, ಅಸಿಟೋನ್ ಹನಿಸಿ ಎಣ್ಣೆ ತೊಳೆದು, ಒಂದು ಗಂಟೆ ಒಣಗಿಸಿ, ಪ್ಯಾರಲಾಯ್ಡ್ ಬಿ-72 ಅಂಟನ್ನು ಅಸಿಟೋನಿನಲ್ಲಿ ನೂರಕ್ಕೆ 15ರಂತೆ ಕರಗಿಸಿ, ಒಂದೇ ಹನಿ ತೋಡಿಗೆ. ಮೂಳೆಯ ಕಡ್ಡಿಯಿಂದ ತಂತಿಯನ್ನು ಒತ್ತಿ, ಮೇಲೆ ಸಿಲಿಕೋನ್ ಕಾಗದ ಇಟ್ಟು, 24 ಗಂಟೆ ಕ್ಲಾಂಪು. ಮೊದಲ ಸಲ ಒಂದು ತುದಿ ಮತ್ತೆ ಎದ್ದಿತು. ಎಣ್ಣೆ ಪೂರ್ತಿ ಹೋಗಿರಲಿಲ್ಲ, ಅಂಟು ಹಿಡಿದಿರಲಿಲ್ಲ. ಅಸಿಟೋನಿನಿಂದ ಬಿಚ್ಚಿ, ತೊಳೆದು, ಎರಡನೇ ಸಲ ಹಾಕಿದ್ದು ನಿಂತಿತು. ಹೀಗೆ ಬಿಚ್ಚಲು ಬರುವುದೇ ಈ ಅಂಟಿನ ಗುಣ. ಎಪಾಕ್ಸಿ ಆಗಿದ್ದರೆ ಮೊದಲ ತಪ್ಪೇ ಕೊನೆಯದು.

ಹಿಡಿ

ಕಾಕಟೂ ಹಕ್ಕಿಯ ಕೊಕ್ಕಿನಂತೆ ಚಾಚಿದ ಗಂಟುಮರದ ಹಿಡಿ, ಒಳಗೆ ಹಳೆಯ ರಾಳ ಒಣಗಿ ಪುಡಿ. ಹೇರ್ ಡ್ರೈಯರನ್ನು ಒಂದು ಅಡಿ ದೂರ ಹಿಡಿದು ಅಲಗಿನ ಬುಡವನ್ನು ಮಾತ್ರ ಬಿಸಿ ಮಾಡಿದರೆ ಶಾಖ ಬಾಲದ, ಅಂದರೆ ಹಿಡಿಯೊಳಗೆ ಇಳಿದ ಅಲಗಿನ ಭಾಗದ, ಮೂಲಕ ಒಳಗೆ ಹೋಗುತ್ತದೆ. 15 ನಿಮಿಷದ ಮೇಲೆ ಅತ್ತಿತ್ತ ಅಲುಗಿಸಿ ಎಳೆದಾಗ ಬಂತು. ಗ್ಯಾಸ್ ಟಾರ್ಚು ತಂದವರು ಹಿಡಿಯ ಸೀಳನ್ನೂ ದುರಸ್ತಿ ಪಟ್ಟಿಗೆ ಸೇರಿಸಿಕೊಳ್ಳಿ. ಒಳಗಿನ ಹಳೆಯ ರಾಳದ ಒಂದು ಚಿಟಿಕೆಯನ್ನು ಗಾಜಿನ ಸೀಸೆಯಲ್ಲಿ ಹಾಕಿ ಹೆಸರಿಟ್ಟದ್ದಾಯಿತು.

ಸೀಳಿದ ಅಸಂಗ್-ಅಸಂಗ್ ತಾಮ್ರದ್ದು, 0.9 ಮಿ.ಮೀ. ದಪ್ಪ. ಬಾಗನ್ನು ಹಿಂದೊಮ್ಮೆ ಬಿಚ್ಚಿ ಮತ್ತೆ ಬಾಗಿಸಿದವರು ಕಾಯಿಸದೆ ಬಾಗಿಸಿದ್ದಾರೆ. ಪಟ್ಟಿ ಬಿಡಿಯಾಗಿ ಈಚೆ ಬಂದದ್ದರಿಂದ ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆದು ಮಾಡಿ, ಸೀಳಿನ ಒಳಮೈಗೆ 0.4 ಮಿ.ಮೀ. ತಾಮ್ರದ ತೇಪೆಯನ್ನು ಬೆಳ್ಳಿ ಬೆಸುಗೆಯಲ್ಲಿ ಹಾಕಿದ್ದು. ಸೀಸದ ಬೆಸುಗೆ ಬಾಗಿನಲ್ಲಿ ನಿಲ್ಲುವುದಿಲ್ಲ.

ಹಿಡಿಗೆ ಹೊಸ ಅಂಟು: ರಾಳ 4 ಪಾಲು, ಜೇನುಮೇಣ 1, ಜರಡಿ ಹಿಡಿದ ಇಟ್ಟಿಗೆ ಪುಡಿ 2, ತೂಕದಲ್ಲಿ. ನೇರ ಬೆಂಕಿಗೆ ಇಡದೆ, ಕುದಿವ ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಬೇಕು. ಮೇಣ ಹೆಚ್ಚಾದರೆ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಹಿಡಿ ತಿರುಗುತ್ತದೆ, ಕಡಿಮೆಯಾದರೆ ಕೆಳಗೆ ಬಿದ್ದ ದಿನ ಗಾಜಿನಂತೆ ಒಡೆಯುತ್ತದೆ. ಹಿಡಿಯ ತೂತಿಗೆ ಮುಕ್ಕಾಲು ತುಂಬಿ, ಬಿಸಿ ಮಾಡಿದ ಬಾಲ ಇಳಿಸಿ, ಅಸಂಗ್-ಅಸಂಗ್ ತನ್ನ ಜಾಗಕ್ಕೆ ಬಂದಿದೆಯೇ ನೋಡಿ, ತಣ್ಣಗಾಗುವವರೆಗೆ ನೆಟ್ಟಗೆ ಹಿಡಿದಿರಬೇಕು.

ಮುಗಿಸಿದ್ದು

ಅಂಟಿಸಿದ ತಂತಿಯ ಜಾಗ ಬಿಟ್ಟು ಅಸಿಟೋನಿನಲ್ಲಿ ಒರೆಸಿ, ಮೈಕ್ರೋಕ್ರಿಸ್ಟಲೈನ್ ಮೇಣ ತೆಳುವಾಗಿ ಎರಡು ಸಲ, ನಡುವೆ ಒಂದು ಗಂಟೆ ಬಿಟ್ಟು. ಕೊಬ್ಬರಿ ಎಣ್ಣೆ ಬೇಡ. ಅಜ್ಜನ ಕಾಲದಿಂದ ಕತ್ತಿಗೆ ಅದನ್ನೇ ಹಚ್ಚುತ್ತಿದ್ದೇವೆ ಎನ್ನುವುದು ದಿನಾ ಬಳಸುವ ಮನೆಗತ್ತಿಗೆ ಸರಿ. ಇಟ್ಟ ವಸ್ತುವಿನ ಮೇಲೆ ಅದು ಕಮಟಿ, ಅಂಟಾಗಿ, ಹುಳಿಯಾಗುತ್ತದೆ. ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ತೇವಾಂಶ ನೂರಕ್ಕೆ 50ರ ಕೆಳಗೆ. ಒರೆಯಲ್ಲಿ ಸಿಕ್ಕಿಸಿ ಇಡಬಾರದು, ಮರ ತೇವ ಹಿಡಿಯುತ್ತದೆ, ಹುಳಿ ಬಿಡುತ್ತದೆ. ಒರೆ ಪಕ್ಕದಲ್ಲಿ ಬೇರೆಯಾಗಿ. ದೇವರ ಹೆಸರಿರುವ ವಸ್ತುವಾದ್ದರಿಂದ ನೆಲದ ಮೇಲೆ ಇಡುವುದಿಲ್ಲ, ಚೌಕ ಒರೆಸಿದ ಬಟ್ಟೆಯನ್ನು ಬಚ್ಚಲಿಗೆ ಹಾಕುವುದಿಲ್ಲ. ಇದು ಲೋಹದ ಲೆಕ್ಕವಲ್ಲ, ಒಡೆಯರು ಕೇಳುವ ಮೊದಲೇ ಪಾಲಿಸಬೇಕಾದ ಮರ್ಯಾದೆ.

ಖಾಲಿ ಮನೆಗಳಲ್ಲಿ ಅಂಕಿ ಗೀರಿಕೊಡಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲೆಕ್ಕ ಗೊತ್ತು, ಉಳಿ ಇದೆ, ಹತ್ತು ನಿಮಿಷದ ಕೆಲಸ. ಗೀರಲಿಲ್ಲ. ಗುಳಿಗಳಿಗೆ ಕಪ್ಪು ಬೆರೆಸಿದ ಮೇಣ ತುಂಬಿ ತುಕ್ಕು ನಿಲ್ಲಿಸಿದ್ದಷ್ಟೇ. ದಾಖಲೆ ಹಾಳೆಯ ಚೌಕದಲ್ಲಿ ಹನ್ನೊಂದು ಅಂಕಿ ಶಾಯಿಯಲ್ಲಿವೆ, 19, 10, 24, 17, 13 ಪೆನ್ಸಿಲಿನಲ್ಲಿ.